ಹಣ್ಣಿನ ಸೊಗಡಿನ ಅಗ್ಗದ ಕೆಂಪು ವೈನ್ ಬ್ಲೆಂಡ್‌ಗಳನ್ನು ಸವಿದು ತೂಗುವ ಬಗೆ

ಅಗ್ಗದ ಕೆಂಪು ವೈನನ್ನು ತೂಗಿ ನೋಡುವವರು ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುತ್ತಾರೆ. ದುಬಾರಿ ಬಾಟಲಿಗೆ ಹಿಡಿಯುವ ಅಳತೆಗೋಲನ್ನು ಇದಕ್ಕೂ ಹಿಡಿದು ‘ಆಳವಿಲ್ಲ, ಗಾಂಭೀರ್ಯವಿಲ್ಲ’ ಎಂದು ಮೂಗು ಮುರಿಯುವುದು ಮೊದಲನೆಯದು. ‘ಈ ಬೆಲೆಗೆ ಇನ್ನೇನು ಸಿಕ್ಕೀತು’ ಎಂದು ಎಲ್ಲ ಕುಂದುಗಳನ್ನೂ ಮನ್ನಿಸಿಬಿಡುವುದು ಎರಡನೆಯದು. ಇಂಥ ವೈನಿನಿಂದ ನಿರೀಕ್ಷಿಸಬೇಕಾದ ಕೆಲಸ ಚಿಕ್ಕದು, ಆದರೆ ಖಚಿತವಾದದ್ದು: ಹಣ್ಣಿನ ರುಚಿಯನ್ನು ತಾಜಾತನ ಕೆಡದಂತೆ, ಚೊಕ್ಕಟವಾಗಿ ಬಾಯಿಗೆ ತಲುಪಿಸುವುದು. ಹಾಗಾಗಿ ಪ್ರತಿ ಗುಟುಕಿನಲ್ಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಇದೆ. ಇಲ್ಲಿ ಹಣ್ಣೆಂದು ತೋರುತ್ತಿರುವುದು ನಿಜಕ್ಕೂ ಹಣ್ಣೋ, ಅಥವಾ ಸಕ್ಕರೆ, ವೈನಿಗೆ ಅದ್ದಿದ ಮರದ ಚಕ್ಕೆ ಮತ್ತು ಆಲ್ಕೋಹಾಲಿನ ಬಿಸಿ ಮೂರೂ ಸೇರಿ ಹಾಕಿಕೊಂಡ ಹಣ್ಣಿನ ವೇಷವೋ? ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ನಂಬಲರ್ಹವಾದ ಉತ್ತರ ಕಂಡುಕೊಳ್ಳುವ ಉಪಾಯಗಳು.

ಬಾಟಲಿಯೊಳಗೆ ಏನಿರುತ್ತದೆ

ಬ್ಲೆಂಡ್ ಎಂದರೆ ಒಂದಕ್ಕಿಂತ ಹೆಚ್ಚು ದ್ರಾಕ್ಷಿ ತಳಿಗಳನ್ನು ಬೆರೆಸಿ ಮಾಡಿದ ವೈನ್. ಆ ಮಾತಿಗೆ ಕಲಬೆರಕೆಯ ಅರ್ಥ ಅಂಟಿಕೊಂಡಿರುವುದು ಅನ್ಯಾಯ. ಫ್ರಾನ್ಸಿನ ಬೋರ್ಡೊ ಪ್ರದೇಶದ ಅತಿ ಬೆಲೆಬಾಳುವ ಕೆಂಪು ವೈನ್‌ಗಳಲ್ಲಿ ಹೆಚ್ಚಿನವು ಕ್ಯಾಬರ್ನೆ ಸುವಿನ್ಯಾನ್, ಮೆರ್ಲೋ, ಕ್ಯಾಬರ್ನೆ ಫ್ರಾಂಕ್ ಮುಂತಾದ ತಳಿಗಳ ಬ್ಲೆಂಡ್‌ಗಳೇ ಆಗಿವೆ. ಇನ್ನೊಂದು ಕಡೆ, ಲೇಬಲ್ಲಿನ ಮೇಲೆ ಒಂದೇ ತಳಿಯ ಹೆಸರಿದ್ದರೂ ಒಳಗಿರುವುದು ಒಂದೇ ತಳಿ ಎಂದು ಹೇಳಲಾಗದು: ತಳಿಯ ಹೆಸರು ಹಾಕಲು ಅಮೆರಿಕದ ನಿಯಮದಂತೆ ಆ ದ್ರಾಕ್ಷಿ ಶೇ. 75ರಷ್ಟಿದ್ದರೆ ಸಾಕು, ಯೂರೋಪಿನ ಒಕ್ಕೂಟದಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಶೇ. 85.

ಬ್ಲೆಂಡ್ ಮಾಡುವವರು ಒಂದೊಂದು ತಳಿಗೂ ಒಂದೊಂದು ಕೆಲಸ ಹಂಚುತ್ತಾರೆ. ದಕ್ಷಿಣ ಫ್ರಾನ್ಸಿನ ರೋನ್ ಕಣಿವೆಯ ಮಾದರಿಯಲ್ಲಿ ಗ್ರೆನಾಶ್ ಸ್ಟ್ರಾಬೆರಿ, ರಾಸ್‌ಬೆರಿಗಳ ಸಿಹಿಗಂಪನ್ನೂ ಆಲ್ಕೋಹಾಲಿನ ತುಂಬುತನವನ್ನೂ ತರುತ್ತದೆ, ಆದರೆ ಅದರ ಸಿಪ್ಪೆ ತೆಳು, ಬಣ್ಣ ಕಡಿಮೆ. ಆ ಕೊರತೆಯನ್ನು ಸಿರಾ ಕಡುಬಣ್ಣದಿಂದ, ಬ್ಲ್ಯಾಕ್‌ಬೆರಿ ಮತ್ತು ಕರಿಮೆಣಸಿನ ಘಾಟಿನಿಂದ ತುಂಬುತ್ತದೆ. ಮೂರ್ವೆದ್ರ್ ಒಗರನ್ನೂ ಮಣ್ಣಿನಂಥ ಗಡಸುತನವನ್ನೂ ಸೇರಿಸುತ್ತದೆ. ಮೆರ್ಲೋ ಪ್ಲಮ್ ಹಣ್ಣಿನ ಮೆದುತನಕ್ಕೆ, ಕ್ಯಾಬರ್ನೆ ಸುವಿನ್ಯಾನ್ ಬೆನ್ನೆಲುಬಿಗೆ. ಜಿನ್‌ಫಂಡೆಲ್ ತಳಿಯ ಒಂದೇ ಗೊಂಚಲಿನಲ್ಲಿ ಕೆಲವು ಹಣ್ಣುಗಳು ಒಣದ್ರಾಕ್ಷಿಯಾಗುವ ಹೊತ್ತಿಗೆ ಇನ್ನು ಕೆಲವು ಆಗಷ್ಟೇ ಮಾಗುತ್ತಿರುತ್ತವೆ. ಅದು ಸೇರಿದ ಬ್ಲೆಂಡಿನಲ್ಲಿ ಜಾಮಿನ ರುಚಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ಕೆಂಪು ವೈನಿಗೆ ಬಿಳಿ ದ್ರಾಕ್ಷಿ ಬೆರೆಸುವುದೂ ಉಂಟು. ರೋನ್ ಕಣಿವೆಯದೇ ಭಾಗವಾದ ಕೋಟ್ ರೋಟಿಯ ಸಿರಾ ಜೊತೆಗೆ ಶೇ. 20ರವರೆಗೆ ವಿಯೋನ್ಯೇ ಎಂಬ ಬಿಳಿ ತಳಿಯನ್ನು ಸೇರಿಸಲು ಅಲ್ಲಿನ ನಿಯಮವೇ ಅವಕಾಶ ಕೊಡುತ್ತದೆ.

ಇವು ದ್ರಾಕ್ಷಿಯಿಂದ ಬರುವ ಗುಣಗಳಾದರೆ, ತಯಾರಿಕೆಯಿಂದ ಬರುವವು ಬೇರೆ. ಗೊಂಚಲುಗಳನ್ನು ಜಜ್ಜದೆ ಇಡಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿದ ತೊಟ್ಟಿಯಲ್ಲಿ ಮುಚ್ಚಿಟ್ಟರೆ ಹುದುಗುವಿಕೆ ಹಣ್ಣಿನೊಳಗೇ ಆರಂಭವಾಗುತ್ತದೆ. ಫ್ರಾನ್ಸಿನ ಬೋಜೊಲೆ ಪ್ರದೇಶದ ಗಮೇ ತಳಿಯಿಂದ ಹೆಸರಾದ ಈ ವಿಧಾನದಲ್ಲಿ ಒಗರು ಕಡಿಮೆಯಾಗಿ, ಬಾಳೆಹಣ್ಣು ಮತ್ತು ಚೆರಿ ಮಿಠಾಯಿಯ ವಾಸನೆ ಕೊಡುವ ಎಸ್ಟರ್‌ಗಳೆಂಬ ಸಂಯುಕ್ತಗಳು ಹೆಚ್ಚುತ್ತವೆ. ಓಕ್ ಪೀಪಾಯಿಗಳು ದುಬಾರಿಯಾದ್ದರಿಂದ ಅಗ್ಗದ ವೈನಿಗೆ ಸುಟ್ಟ ಓಕ್ ಮರದ ಚಕ್ಕೆಗಳನ್ನೋ ಹಲಗೆಗಳನ್ನೋ ಅದ್ದುವುದು ವಾಡಿಕೆ. ಸಿಹಿಗಾಗಿ ದ್ರಾಕ್ಷಿರಸವನ್ನೋ, ಬಣ್ಣಕ್ಕಾಗಿ ರೂಬಿರೆಡ್‌ನಂಥ ತಿರುಳೂ ಕೆಂಪಾಗಿರುವ ದ್ರಾಕ್ಷಿಯ ಗಟ್ಟಿರಸವನ್ನೋ ಬೆರೆಸುವುದಕ್ಕೂ ಕೆಲವು ದೇಶಗಳಲ್ಲಿ ಅನುಮತಿ ಇದೆ. ಇವುಗಳಲ್ಲಿ ಯಾವುದೂ ಮೋಸವಲ್ಲ. ಆದರೆ ಸವಿಯುವವನಿಗೆ ಯಾವುದು ಎಲ್ಲಿಂದ ಬಂತೆಂಬ ಅರಿವಿರಬೇಕು.

ಒಂದನೆಯ ಹಂತ: ಮೇಜಿನ ಸಿದ್ಧತೆ

ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆ 1977ರಲ್ಲಿ ನಿಗದಿಪಡಿಸಿದ ಸವಿಯುವ ಗ್ಲಾಸು ಸುಮಾರು 215 ಮಿ.ಲೀ. ಹಿಡಿಯುತ್ತದೆ, ಕೆಳಗೆ ಅಗಲವಾಗಿ, ಬಾಯಿ ಕಿರಿದಾಗಿ, ಟ್ಯೂಲಿಪ್ ಹೂವಿನಂತಿರುತ್ತದೆ. ಅದೇ ಬೇಕೆಂದಿಲ್ಲ. ಆದರೆ ಹೋಲಿಸುವ ಎಲ್ಲ ವೈನ್‌ಗಳಿಗೂ ಒಂದೇ ಆಕಾರದ ಗ್ಲಾಸಿರಬೇಕು, ಪ್ರತಿಯೊಂದರಲ್ಲೂ 50 ಮಿ.ಲೀ. ಅಳೆದು ಸುರಿಯಬೇಕು. ಗ್ಲಾಸುಗಳನ್ನು ಸೋಪಿನ ವಾಸನೆ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು, ಬಳಸುವ ಮುನ್ನ ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ. ಕಪಾಟಿನ ವಾಸನೆಯನ್ನು ವೈನಿನ ದೋಷವೆಂದು ಬರೆದವರು ಕಡಿಮೆಯಿಲ್ಲ.

ಉಷ್ಣತೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೆಚ್ಚಗಿದ್ದರೆ ಆಲ್ಕೋಹಾಲು ಮೇಲೆದ್ದು ಮೂಗನ್ನು ಚುಚ್ಚುತ್ತದೆ, ಹಣ್ಣಿನ ಕಂಪು ಬೇಯಿಸಿದಂತಾಗುತ್ತದೆ. ತೀರ ತಣ್ಣಗಿದ್ದರೆ ಕಂಪು ಮುಚ್ಚಿಕೊಂಡು ಒಗರು ಮುಂದಾಗುತ್ತದೆ. 15ರಿಂದ 17 ಡಿಗ್ರಿ ಸೆಲ್ಸಿಯಸ್ ಸರಿಯಾದ ನೆಲೆ. ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕು’ ಎಂಬ ಹಳೆಯ ಮಾತು ತಂಪಾದ ಮನೆಗಳ ಕಾಲದ್ದು. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದರಿಂದ ಸರಿಹೋಗುವ ವೈನ್‌ಗಳು ಬಹಳ ಇವೆ.

ಉಗುಳಲು ಪಾತ್ರೆಯೊಂದು ಇರಲೇಬೇಕು. ಶೇ. 14ರ ಆಲ್ಕೋಹಾಲಿನ ಆರು ವೈನ್‌ಗಳನ್ನು 50 ಮಿ.ಲೀ.ನಂತೆ ನುಂಗಿದರೆ ದೇಹಕ್ಕೆ ಹೋಗುವುದು ಸುಮಾರು 33 ಗ್ರಾಂ ಶುದ್ಧ ಆಲ್ಕೋಹಾಲು. ಆಸ್ಟ್ರೇಲಿಯಾ ಒಂದು ಪ್ರಮಾಣಿತ ಪೇಯಕ್ಕೆ ಹಿಡಿಯುವ ಲೆಕ್ಕ 10 ಗ್ರಾಂ. ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಎಲ್ಲ ವೈನೂ ಚೆನ್ನಾಗಿಯೇ ಕಾಣತೊಡಗುತ್ತದೆ. ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಬೇಡ. ಹೊಸಬರಿಗೆ ನಾಲ್ಕು ಸಾಕು.

ಎರಡನೆಯ ಹಂತ: ನಾಲಿಗೆಗೆ ಪಾಠ

ಬಾಟಲಿ ತೆರೆಯುವ ಮುನ್ನ ಅರ್ಧ ಗಂಟೆ ಈ ಅಭ್ಯಾಸಕ್ಕೆ ಕೊಡಿ. ಒಂದು ಲೀಟರ್ ನೀರಿಗೆ 4 ಗ್ರಾಂ, 8 ಗ್ರಾಂ, 12 ಗ್ರಾಂ ಸಕ್ಕರೆ ಬೆರೆಸಿ ಮೂರು ಪಾತ್ರೆ ಮಾಡಿಕೊಂಡು, ಯಾವುದರಲ್ಲಿ ಸಿಹಿ ನಿಮಗೆ ಮೊದಲು ತಿಳಿಯುತ್ತದೆಂದು ಗುರುತಿಸಿ. ಬರಿನೀರಿನಲ್ಲಿ ಸುಲಭವಾಗಿ ಸಿಕ್ಕಿಬೀಳುವ ಸಿಹಿ, ಅದಕ್ಕೆ ಕೆಲವು ಹನಿ ನಿಂಬೆರಸ ಹಿಂಡಿದ ಕೂಡಲೇ ಎಷ್ಟೊಂದು ಮರೆಯಾಗುತ್ತದೆಂಬುದನ್ನೂ ನೋಡಿ. ವೈನಿನಲ್ಲಿ ನಡೆಯುವುದು ಇದೇ. ಯೂರೋಪಿನ ಒಕ್ಕೂಟದ ನಿಯಮದಲ್ಲಿ ಸಿಹಿಯಿಲ್ಲದ ವೈನೆನ್ನಲು ಮಿತಿ ಲೀಟರಿಗೆ 4 ಗ್ರಾಂ, ಆದರೆ ಹುಳಿ ತಕ್ಕಷ್ಟಿದ್ದರೆ 9 ಗ್ರಾಂವರೆಗೂ ಅವಕಾಶವಿರುವುದಕ್ಕೆ ಕಾರಣ ಈ ಹೊಂದಾಣಿಕೆಯೇ.

ಒಗರಿಗೆ ಹಾಲು ಹಾಕದ ಚಹಾ ಒಳ್ಳೆಯ ಗುರು. ಎರಡು ನಿಮಿಷ ನೆನೆಸಿದ್ದನ್ನೂ ಹತ್ತು ನಿಮಿಷ ನೆನೆಸಿದ್ದನ್ನೂ ತಣ್ಣಗಾಗಿಸಿ, ಒಂದಾದ ಮೇಲೊಂದು ಬಾಯಿಗೆ ಹಾಕಿ. ಇಲ್ಲಿ ಕನ್ನಡದವರಿಗೆ ಹುಟ್ಟಿನಿಂದಲೇ ಒಂದು ಅನುಕೂಲವಿದೆ. ಟ್ಯಾನಿನ್ ಎಂಬ ವಸ್ತು ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಣೆಗಟ್ಟಿಸುವುದರಿಂದ ಬಾಯಿ ಒರಟಾಗಿ ಹಿಡಿದಂತಾಗುತ್ತದೆ. ಇದು ಸ್ಪರ್ಶದ ಅನುಭವ, ಕಹಿಯಲ್ಲ. ಎಷ್ಟೋ ಭಾಷೆಗಳವರು ಎರಡನ್ನೂ ಕಲಸಿಬಿಡುತ್ತಾರೆ. ಕಹಿ ಬೇರೆ, ಒಗರು ಬೇರೆ ಎಂದು ಆರು ರುಚಿಗಳ ಲೆಕ್ಕದಲ್ಲೇ ಬೇರ್ಪಡಿಸಿಟ್ಟ ಭಾಷೆಯವರು ಈ ಗೊಂದಲಕ್ಕೆ ಬೀಳಬೇಕಾಗಿಲ್ಲ. ಹಾಳೆಯ ಮೇಲೆ ಟ್ಯಾನಿನ್ ಎಂದು ಬರೆಯುವ ಬದಲು ‘ಎಳೆ ಒಗರು’, ‘ಒಸಡು ಹಿಡಿಯುವ ಒಗರು’, ‘ನುಣುಪಾದ ಒಗರು’ ಎಂದು ಬರೆದುಕೊಳ್ಳಿ. ಮರುವರ್ಷ ಓದಿದರೂ ಅರ್ಥ ಕೆಡುವುದಿಲ್ಲ.

ಕಂಪುಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿದ್ದ ಆನ್ ನೋಬಲ್ ಅವರ ಮಾರ್ಗವೇ ಇಂದಿಗೂ ಮೇಲು. 1980ರ ದಶಕದಲ್ಲಿ ಕಂಪುಗಳ ಚಕ್ರವನ್ನು ರೂಪಿಸಿದ ಅವರು, ಅದರಲ್ಲಿನ ಪದಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಸಾಧಾರಣ ವೈನಿಗೆ ನಿಜವಾದ ವಸ್ತುವನ್ನೇ ಹಾಕಿ ಮೂಸಿ ಕಲಿಯುವುದನ್ನು ಹೇಳಿಕೊಟ್ಟರು. ಒಂದು ಗ್ಲಾಸಿಗೆ ಜಜ್ಜಿದ ತಾಜಾ ಸ್ಟ್ರಾಬೆರಿ, ಇನ್ನೊಂದಕ್ಕೆ ಸ್ಟ್ರಾಬೆರಿ ಜಾಮು, ಮತ್ತೊಂದಕ್ಕೆ ಒಣ ಪ್ಲಮ್, ಬೇರೊಂದಕ್ಕೆ ಎರಡು ಹನಿ ವೆನಿಲಾ, ಕೊನೆಯದಕ್ಕೆ ಹಸಿರು ದೊಣ್ಣೆಮೆಣಸಿನಕಾಯಿಯ ಸಣ್ಣ ತುಂಡು. ಕಾಲು ಗಂಟೆ ಬಿಟ್ಟು ತುಂಡುಗಳನ್ನು ತೆಗೆದು ಮೂಸಿ. ಈ ಐದರಲ್ಲಿ ತಾಜಾ ಹಣ್ಣು ಮತ್ತು ಜಾಮಿನ ವ್ಯತ್ಯಾಸವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲಿರಾದರೆ, ಮುಂದಿನ ಕೆಲಸದ ಅರ್ಧ ಭಾಗ ಮುಗಿದಂತೆಯೇ.

ಮೂರನೆಯ ಹಂತ: ಕಣ್ಣಿಗೆ ಸ್ವಲ್ಪವೇ ಹೊತ್ತು

ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಿ. ನೇರಳೆ ಛಾಯೆಯಿದ್ದರೆ ವೈನ್ ಎಳೆಯದು. ಇಟ್ಟಿಗೆಯ ಕಂದುಬಣ್ಣ ತಿರುಗಿದ್ದರೆ ಈ ಬಗೆಯ ವೈನಿಗೆ ಅದು ಒಳ್ಳೆಯ ಸೂಚನೆಯಲ್ಲ, ಏಕೆಂದರೆ ಇವು ಎರಡು ಮೂರು ವರ್ಷದೊಳಗೆ ಕುಡಿಯಲೆಂದೇ ಮಾಡಿದವು. ಗ್ಲಾಸಿನ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ಕಂಡು ಗುಣಮಟ್ಟವನ್ನು ಹೊಗಳುವ ರೂಢಿಗೆ ಆಧಾರವಿಲ್ಲ. ಆಲ್ಕೋಹಾಲು ಬೇಗ ಆವಿಯಾಗಿ ಮೇಲ್ಮೈ ಸೆಳೆತದಲ್ಲಿ ಏರುಪೇರಾಗುವುದರಿಂದ ಆ ಹನಿಗಳು ಮೂಡುತ್ತವೆಂದು ವಿಜ್ಞಾನಿ ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾರೆ. ಕಡುಬಣ್ಣಕ್ಕೂ ಅಷ್ಟೇ, ಬೆರಗಾಗಬೇಡಿ.

ಕಣ್ಣನ್ನು ನಂಬಬಾರದೆನ್ನಲು ಗಟ್ಟಿ ಸಾಕ್ಷಿಯೂ ಇದೆ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಬೋರ್ಡೊದಲ್ಲಿ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ, ಅವರು ಅದನ್ನು ವರ್ಣಿಸಲು ಬಳಸಿದ್ದು ಬಹುಪಾಲು ಕೆಂಪು ವೈನಿನ ಪದಗಳನ್ನೇ. ಮೊರೋ, ಬ್ರೋಶೆ, ದ್ಯುಬೂರ್ದಿಯು ಎಂಬ ಮೂವರು 2001ರಲ್ಲಿ ಪ್ರಕಟಿಸಿದ ಪ್ರಯೋಗವಿದು.

ನಾಲ್ಕನೆಯ ಹಂತ: ಮೂಗು

ಮೊದಲ ಸಲ ಗ್ಲಾಸನ್ನು ತಿರುಗಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ತಿರುಗಿಸದ ಗ್ಲಾಸಿನಲ್ಲಿ ದೋಷಗಳು ಬೇಗ ಸಿಕ್ಕಿಬೀಳುತ್ತವೆ. ಒದ್ದೆಯಾದ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ಟಿಸಿಎ ಎಂಬ ಸಂಯುಕ್ತ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಹಣ್ಣಿನ ಕಂಪನ್ನು ನುಂಗಿಹಾಕುತ್ತದೆ. ಅಂಥ ಬಾಟಲಿಗೆ ಅಂಕ ಕೊಡಬಾರದು, ಅದೇ ವೈನಿನ ಇನ್ನೊಂದನ್ನು ತೆರೆಯಬೇಕು. ಉಗುರುಬಣ್ಣ ತೆಗೆಯುವ ದ್ರವದ ವಾಸನೆ ಈಥೈಲ್ ಅಸಿಟೇಟಿನದು, ವಿನೆಗರಿನ ದಾರಿಯಲ್ಲಿ ಹೊರಟ ವೈನಿನ ಗುರುತು. ಕುದುರೆ ಲಾಯದ ವಾಸನೆ ಬ್ರೆಟ್ಟನೋಮೈಸಿಸ್ ಎಂಬ ಯೀಸ್ಟಿನಿಂದ ಬರುತ್ತದೆ. ಹಳೆಯ ಶೈಲಿಯ ವೈನ್‌ಗಳಲ್ಲಿ ಅದರ ಛಾಯೆಯನ್ನು ಮೆಚ್ಚುವವರಿದ್ದಾರೆ, ಆದರೆ ಹಣ್ಣನ್ನೇ ನಂಬಿದ ವೈನಿನಲ್ಲಿ ನಾನು ಅದನ್ನು ಕ್ಷಮಿಸುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಮಾತ್ರ ಅವಸರದ ತೀರ್ಪು ಬೇಡ. ಹತ್ತು ನಿಮಿಷ ಗಾಳಿಯಾಡಿಸಿದರೆ ಅದು ಹೋಗಿಬಿಡಬಹುದು.

ದೋಷ ಇಲ್ಲವೆಂದಾದ ಮೇಲೆ ಹಣ್ಣನ್ನು ಹುಡುಕಿ. ಕೆಂಪು ಹಣ್ಣೋ ಕಪ್ಪು ಹಣ್ಣೋ ಎಂಬುದು ಮೊದಲ ಪ್ರಶ್ನೆ. ಹಸಿಯೋ, ಮಾಗಿದ್ದೋ, ಬೇಯಿಸಿದ್ದೋ, ಒಣಗಿದ್ದೋ ಎಂಬುದು ಎರಡನೆಯ ಮತ್ತು ಹೆಚ್ಚು ಮುಖ್ಯವಾದ ಪ್ರಶ್ನೆ. ಬ್ಲ್ಯಾಕ್‌ಬೆರಿಯನ್ನು ಎಂದೂ ತಿನ್ನದವರು ಬ್ಲ್ಯಾಕ್‌ಬೆರಿ ಎಂದು ಬರೆಯುವುದು ವ್ಯರ್ಥ. ತಾವು ತಿಂದು ಬಲ್ಲ ಹಣ್ಣಿನ ಹೆಸರನ್ನೇ ಬರೆಯಲಿ. ಕೊನೆಯದಾಗಿ ವೆನಿಲಾ, ಕೊಬ್ಬರಿ, ಲವಂಗ, ಸುಟ್ಟ ಮರದ ವಾಸನೆಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಏಕೆಂದರೆ ಅವು ಓಕ್ ಮರದವು, ದ್ರಾಕ್ಷಿಯವಲ್ಲ. ಓಕ್ ಸಾಲು ಹಣ್ಣಿನ ಸಾಲಿಗಿಂತ ಉದ್ದವಾದರೆ, ಆ ಬ್ಲೆಂಡ್ ಏನನ್ನೋ ಮುಚ್ಚುತ್ತಿದೆ ಎಂದೇ ನನ್ನ ಅನುಮಾನ.

ಪಕ್ಕದವರಿಗೆ ಸಿಕ್ಕ ಕರಿಮೆಣಸು ನಿಮಗೆ ಸಿಗದಿದ್ದರೆ ನಾಚಿಕೊಳ್ಳಬೇಕಿಲ್ಲ. ಸಿರಾ ತಳಿಗೆ ಆ ಘಾಟು ಕೊಡುವ ರೊಟುಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದಾಗ, ಪರೀಕ್ಷೆಗೆ ಬಂದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದರ ವಾಸನೆಯೇ ತಿಳಿಯದೆಂಬುದೂ ಗೊತ್ತಾಯಿತು.

ಐದನೆಯ ಹಂತ: ಬಾಯಿ, ಅದೂ ಮೂರು ಸಲ

ಮೊದಲ ಗುಟುಕು ಬಾಯಿಯನ್ನು ಒಗ್ಗಿಸಲಿಕ್ಕೆ ಮಾತ್ರ. ಅದರ ಬಗ್ಗೆ ಏನನ್ನೂ ಬರೆಯಬೇಡಿ. ಎರಡನೆಯ ಗುಟುಕನ್ನು ಒಂದು ಚಮಚದಷ್ಟು ತೆಗೆದುಕೊಂಡು, ಬಾಯಿ ತುಂಬ ಆಡಿಸಿ, ತುಟಿಗಳ ನಡುವೆ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಹಣ್ಣಿನ ‘ರುಚಿ’ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನದು ಗಂಟಲ ಹಿಂಭಾಗದಿಂದ ಮೂಗಿಗೇರುವ ಕಂಪೇ ಆದ್ದರಿಂದ ಈ ಗಾಳಿ ಎಳೆಯುವ ಸದ್ದಿಗೆ ಸಂಕೋಚ ಬೇಡ. ಆಮೇಲೆ ಉಗುಳಿ, ಮೂಗಿನಿಂದ ಉಸಿರು ಬಿಟ್ಟು, ಹಣ್ಣು ಎಷ್ಟು ಹೊತ್ತು ಉಳಿಯುತ್ತದೆಂದು ಎಣಿಸಿ. ದೊಡ್ಡ ವೈನ್‌ಗಳಲ್ಲಿ ಎಣಿಕೆ ಬಹಳ ಮುಂದೆ ಹೋಗುತ್ತದೆ. ಇಲ್ಲಿ ಆರೇಳು ಸೆಕೆಂಡು ಹಣ್ಣು ಹಣ್ಣಾಗಿಯೇ ಉಳಿದರೆ ಸಂತೋಷಪಡಬಹುದು. ಹಣ್ಣು ಎರಡೇ ಸೆಕೆಂಡಿನಲ್ಲಿ ಮಾಯವಾಗಿ ಸಿಹಿಯೋ ಉರಿಯೋ ಕಹಿಯೋ ಉಳಿದರೆ, ಉಳಿದದ್ದು ಯಾವುದೆಂದು ಬರೆದುಕೊಳ್ಳಿ. ಆ ವೈನಿನ ಗುಟ್ಟು ಅದರಲ್ಲೇ ಇರುತ್ತದೆ.

ಸಿಹಿಯ ವಿಷಯದಲ್ಲಿ ಮೂಗು ನಾಲಿಗೆಯನ್ನು ಮೋಸಗೊಳಿಸುತ್ತದೆ. ಸ್ಟ್ರಾಬೆರಿಯ ಕಂಪು ಬಂದರೆ ಸಕ್ಕರೆ ಇಲ್ಲದಿದ್ದರೂ ಸಿಹಿಯಿದೆ ಎನಿಸುವುದು ಸಹಜ. ಉಪಾಯ ಸರಳವಾಗಿದೆ: ಮೂಗನ್ನು ಬೆರಳಿನಿಂದ ಒತ್ತಿಹಿಡಿದು ಒಂದು ಗುಟುಕು ಕುಡಿಯಿರಿ. ಸಿಹಿ ಆಗಲೂ ಉಳಿದಿದ್ದರೆ ಅದರಲ್ಲಿ ಸಕ್ಕರೆಯ ಪಾಲಿದೆ. ಸಿಹಿ ಮಾಯವಾಗಿ ಹುಳಿ ಒಗರುಗಳಷ್ಟೇ ಉಳಿದರೆ ನೀವು ಕಂಡಿದ್ದ ಸಿಹಿ ಹಣ್ಣಿನ ಕಂಪಿನದು. ಆಲ್ಕೋಹಾಲಿಗೂ ತುಸು ಸಿಹಿಯಿರುವುದರಿಂದ ಈ ಪರೀಕ್ಷೆ ನೂರಕ್ಕೆ ನೂರು ಖಚಿತವಲ್ಲ, ಆದರೂ ಅಗ್ಗದ ಬ್ಲೆಂಡ್‌ಗಳನ್ನು ವಿಂಗಡಿಸಲು ಇದರಷ್ಟು ಉಪಯೋಗಕ್ಕೆ ಬಂದ ಉಪಾಯ ನನಗೆ ಇನ್ನೊಂದಿಲ್ಲ. ಅಂದ ಮಾತ್ರಕ್ಕೆ ಸಕ್ಕರೆ ತಪ್ಪೆಂದು ತಿಳಿಯಬೇಡಿ. ಹುಳಿ ಅದನ್ನು ಎತ್ತಿಹಿಡಿದಿದೆಯೇ ಎಂಬುದನ್ನು ನೋಡಬೇಕು. ಉಗುಳಿದ ಮೇಲೆ ನಾಲಿಗೆಯ ಅಂಚಿನಲ್ಲಿ ನೀರೂರಿದರೆ ಹುಳಿ ಇದೆ. ಬಾಯಿ ಅಂಟಂಟಾಗಿ ಉಳಿದರೆ ಇಲ್ಲ. ಸಂದೇಹವಾದರೆ ಗ್ಲಾಸಿಗೆ ಎರಡು ಹನಿ ನಿಂಬೆರಸ ಹಿಂಡಿ ಸವಿಯಿರಿ: ವೈನ್ ಒಮ್ಮೆಲೇ ಎದ್ದು ಕೂತಂತಾದರೆ, ಅದರ ಕೊರತೆ ಹುಳಿಯದೇ ಎಂದು ತಿಳಿಯಿತು.

ಮೂರನೆಯ ಗುಟುಕನ್ನು ಒಂದು ನಿಮಿಷ ಬಿಟ್ಟು, ನೀರು ಕುಡಿದು, ಸಾದಾ ಬ್ರೆಡ್ಡಿನ ತುಣುಕು ಅಗಿದ ಮೇಲೆ ತೆಗೆದುಕೊಳ್ಳಿ. ಒಗರು ಗುಟುಕಿನಿಂದ ಗುಟುಕಿಗೆ ಬೆಳೆಯುವುದರಿಂದ, ಬಿಡುವು ಕೊಡದೆ ಸವಿದರೆ ಸಾಲಿನಲ್ಲಿ ಕೊನೆಗೆ ಬಂದ ವೈನಿಗೆ ಅನ್ಯಾಯವಾಗುತ್ತದೆ. ಈ ಗುಟುಕಿನಲ್ಲಿ ಕೇಳಬೇಕಾದುದು ಆಲ್ಕೋಹಾಲಿನ ಬಗ್ಗೆ: ಎದೆಗಿಳಿಯುವ ಬಿಸಿ ಹಣ್ಣಿನೊಂದಿಗೆ ಬಂತೋ, ಅದನ್ನು ದಾಟಿ ಬಂತೋ? ಲೇಬಲ್ಲಿನ ಸಂಖ್ಯೆಯನ್ನು ಪೂರ್ತಿ ನೆಚ್ಚಲಾಗದು, ಶೇ. 14ರವರೆಗಿನ ವೈನಿನಲ್ಲಿ ಮುದ್ರಿತ ಪ್ರಮಾಣಕ್ಕೂ ನಿಜ ಪ್ರಮಾಣಕ್ಕೂ ಒಂದೂವರೆ ಅಂಶದಷ್ಟು ವ್ಯತ್ಯಾಸವನ್ನು ಅಮೆರಿಕದ ನಿಯಮ ಒಪ್ಪುತ್ತದೆ, ಯೂರೋಪಿನ ಒಕ್ಕೂಟ ಸಾಮಾನ್ಯವಾಗಿ ಅರ್ಧ ಅಂಶವನ್ನಷ್ಟೇ.

ಆರನೆಯ ಹಂತ: ಹೆಸರು ಮುಚ್ಚಿಟ್ಟು ಸವಿಯುವುದು

ಬಾಟಲಿಗಳಿಗೆ ಕಾಗದ ಸುತ್ತಿ, ಸಂಖ್ಯೆ ಹಾಕಿ, ಸುರಿಯುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ. ಬೆಲೆ ಗೊತ್ತಿದ್ದರೆ ತೀರ್ಪು ಬಾಗುತ್ತದೆ. 2008ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ಬಾರಿ ಹೆಸರು ಮುಚ್ಚಿಟ್ಟು ಸವಿದ ದಾಖಲೆಗಳ ಅಧ್ಯಯನದಲ್ಲಿ, ತರಬೇತಿಯಿಲ್ಲದವರು ದುಬಾರಿ ವೈನನ್ನು ಅಗ್ಗದ್ದಕ್ಕಿಂತ ತುಸು ಕಡಿಮೆಯೇ ಮೆಚ್ಚಿದ್ದರು. ಪಳಗಿದವರೂ ಬೀಗುವಂತಿಲ್ಲ. ರಾಬರ್ಟ್ ಹಾಡ್ಜ್‌ಸನ್ ಎಂಬುವರು ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಇರಿಸಿದಾಗ, ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ.

ಆದ್ದರಿಂದ ನಿಮ್ಮನ್ನೇ ನೀವು ಪರೀಕ್ಷಿಸಿಕೊಳ್ಳಿ. ಮೂರು ಗ್ಲಾಸುಗಳಲ್ಲಿ ಎರಡಕ್ಕೆ ಒಂದೇ ವೈನ್, ಮೂರನೆಯದಕ್ಕೆ ಬೇರೆಯದನ್ನು ಸುರಿಸಿ, ಬೇರೆಯದು ಯಾವುದೆಂದು ಹುಡುಕಿ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗಬಹುದು. ಸತತ ಮೂರು ಸಲ ಊಹೆಯಿಂದಲೇ ಸರಿಯಾಗುವ ಸಾಧ್ಯತೆ 27ರಲ್ಲಿ ಒಂದು ಮಾತ್ರ. ಎರಡು ಬ್ಲೆಂಡ್‌ಗಳ ನಡುವೆ ವ್ಯತ್ಯಾಸವನ್ನೇ ಗುರುತಿಸಲಾಗದಿದ್ದರೆ ಅವುಗಳಿಗೆ ಬೇರೆ ಬೇರೆ ಅಂಕ ಕೊಡುವ ಹಕ್ಕು ನಮಗಿಲ್ಲ.

ಏಳನೆಯ ಹಂತ: ಅಂಕ

ಡೇವಿಸ್ ಕೇಂದ್ರದಲ್ಲಿ ಮೇನಾರ್ಡ್ ಅಮರೀನ್ ಮತ್ತು ಸಹೋದ್ಯೋಗಿಗಳು 1959ರ ಸುಮಾರಿಗೆ ರೂಪಿಸಿದ 20 ಅಂಕಗಳ ಪದ್ಧತಿಯಲ್ಲಿ ನೋಟಕ್ಕೂ ಬಣ್ಣಕ್ಕೂ ಪಾಲಿತ್ತು. ನಾನು 20ರ ಮೊತ್ತವನ್ನು ಉಳಿಸಿಕೊಂಡು ಬಣ್ಣಕ್ಕೆ ಏನೂ ಕೊಡುವುದಿಲ್ಲ. ಹಣ್ಣಿನ ತಾಜಾತನಕ್ಕೆ 8, ಸಿಹಿ, ಹುಳಿ, ಒಗರು, ಬಿಸಿಗಳ ಹೊಂದಾಣಿಕೆಗೆ 7, ಉಳಿಯುವ ರುಚಿಗೆ 3, ಇನ್ನೊಂದು ಗ್ಲಾಸು ಬೇಕೆನಿಸಿದರೆ 2. ದೋಷಕ್ಕೆ ಅಂಕ ಕಳೆಯುವುದಿಲ್ಲ. ದೋಷವಿದ್ದ ವೈನ್ ಹಾಳೆಯಿಂದಲೇ ಹೊರಗೆ. ಕೊನೆಯ 2 ಅಂಕಗಳನ್ನು ನೋಡಿ ನಗಬೇಡಿ, ಮೊದಲ ಗುಟುಕಿಗೆ ಮರುಳು ಮಾಡುವ ಸಿಹಿ ಬ್ಲೆಂಡ್‌ಗಳು ಸೋಲುವುದು ಅಲ್ಲಿಯೇ. 14 ದಾಟಿದ ಅಗ್ಗದ ಬ್ಲೆಂಡನ್ನು ಮತ್ತೆ ಕೊಳ್ಳಲು ಯೋಗ್ಯವೆಂದು ಎಣಿಸುತ್ತೇನೆ.

ಎಂಟನೆಯ ಹಂತ: ಮರುದಿನ

ಉಳಿದ ಅರ್ಧ ಬಾಟಲಿಗೆ ಮುಚ್ಚಳ ಹಾಕಿ, ಸುತ್ತಿದ ಕಾಗದವನ್ನು ಹಾಗೆಯೇ ಬಿಟ್ಟು ಫ್ರಿಜ್ಜಿನಲ್ಲಿಡಿ. ಮರುದಿನ ಅದೇ ಹೊತ್ತಿಗೆ ಹೊರಗೆ ತೆಗೆದು 16 ಡಿಗ್ರಿಗೆ ಬಂದ ಮೇಲೆ ಮತ್ತೆ ಸವಿಯಿರಿ. ಎಸ್ಟರ್‌ಗಳ ಬಲದಿಂದ ಮಿಠಾಯಿಯಂತೆ ಘಮಘಮಿಸುತ್ತಿದ್ದ ವೈನ್ ಒಂದೇ ರಾತ್ರಿಯಲ್ಲಿ ಬೋಳಾಗಿ, ಒಳಗಿನ ಸಕ್ಕರೆ ಮತ್ತು ಓಕ್ ಎದ್ದು ಕಾಣುವುದುಂಟು. ಮೊದಲ ದಿನ ಮಂಕಾಗಿದ್ದ ಬ್ಲೆಂಡಿನಲ್ಲಿ ಒಗರು ಮೆತ್ತಗಾಗಿ ಪ್ಲಮ್ ಹಣ್ಣು ಅರಳಿರುವುದೂ ಉಂಟು. ಗ್ರೆನಾಶ್ ಹೆಚ್ಚಿರುವ ಬ್ಲೆಂಡ್ ಗಾಳಿಗೆ ಬೇಗ ಸೋಲುವುದರಿಂದ ಅದಕ್ಕೆ ತುಸು ರಿಯಾಯಿತಿ ಕೊಡಬಹುದು. ಎರಡನೆಯ ದಿನದ ಅಂಕವನ್ನು ಮೊದಲನೆಯ ದಿನದ ಅಂಕದ ಪಕ್ಕದಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಸೇರಿಸಿ. ಬಾಟಲಿಗೆ ಸುತ್ತಿದ ಕಾಗದವನ್ನು ಬಿಚ್ಚಿ ಹೆಸರು ಬರೆದುಕೊಳ್ಳುವುದು ಅದಾದ ಮೇಲೆ.